ಮದ್ದಿನ ಕಲ್ಲು, ಹೊಲದ ಮಣ್ಣು

ಚಿತ್ರದುರ್ಗದ ಕೋಟೆಯನ್ನು ನೋಡಲು ಹೋದವರು ಅಲ್ಲಿಯ ಮದ್ದು ಬೀಸುವ ಕಲ್ಲುಗಳನ್ನು ನೋಡದೆ ಬರುವುದು ಅಪರೂಪ. ಕಲ್ಲು ಕಟ್ಟಿದ ಒಂದು ದೊಡ್ಡ ಗುಂಡಿ. ಅದರೊಳಗೆ ಮನುಷ್ಯರ ಕೈಯಿಂದ ಅಲುಗಿಸಲಾರದಂತಹ ಭಾರಿಯ ಬೀಸುಕಲ್ಲುಗಳು. ಇವನ್ನು ಆನೆಗಳು ತಿರುಗಿಸುತ್ತಿದ್ದುವೆಂದು ಕೆಲವರೂ, ಎತ್ತು ಕೋಣಗಳು ತಿರುಗಿಸುತ್ತಿದ್ದುವೆಂದು ಕೆಲವರೂ ಹೇಳುತ್ತಾರೆ. ದಾರಿ ತೋರಿಸುವವನು ಪಾಳೆಯಗಾರರ ಪರಾಕ್ರಮವನ್ನು ಬಣ್ಣಿಸುತ್ತಾನೆ. ಹೈದರನ ಮುತ್ತಿಗೆಗಳನ್ನು ಹೇಳುತ್ತಾನೆ. 1779ರಲ್ಲಿ ದುರ್ಗವು ಬಿದ್ದ ಬಗೆಯನ್ನು ಕಣ್ಣಾರೆ ಕಂಡವನಂತೆ ವರ್ಣಿಸುತ್ತಾನೆ. ಆದರೆ ಆ ಕಲ್ಲುಗಳ ನಡುವೆ ಸಿಕ್ಕಿ ಪುಡಿಯಾದ ಮದ್ದು ಎಲ್ಲಿಂದ ಬಂದಿತು, ಅದನ್ನು ಮೊದಲು ಮಾಡಿದವರು ಯಾರು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಮರೆತುಹೋದ ಕೆಲಸಗಾರರ ಚರಿತ್ರೆಯನ್ನು. ಅವರು ಯಾವ ಪಾಳೆಯಗಾರನ ಸಂಬಳದ ಪಟ್ಟಿಯಲ್ಲಿಯೂ ಸೇರಿದವರಲ್ಲ. ಒಂದು ಚಿಟಿಕೆ ಮಣ್ಣಿನಲ್ಲಿ ಅಂಥವರು ಲಕ್ಷಗಟ್ಟಲೆ ಇರುವರು.

ಮದ್ದೆಂಬುದು ಮೂರು ವಸ್ತುಗಳ ಬೆರಕೆ: ಇದ್ದಲು, ಗಂಧಕ, ಪೆಟ್ಲುಪ್ಪು. ಕಾಲದೇಶಗಳಿಗೆ ತಕ್ಕಂತೆ ಇವುಗಳ ಪ್ರಮಾಣ ಹೆಚ್ಚು ಕಡಿಮೆಯಾಗುತ್ತಿದ್ದರೂ, ಕಡೆಗೆ ಎಲ್ಲರೂ ಒಪ್ಪಿಕೊಂಡ ಪಾಕದಲ್ಲಿ ನೂರು ಪಾಲಿಗೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕ. ಇದ್ದಲಿಗೆ ಕಾಡಿದೆ, ಗಂಧಕವನ್ನು ವರ್ತಕರು ತರುವರು. ಮುಕ್ಕಾಲು ಪಾಲಾದ ಪೆಟ್ಲುಪ್ಪು ಮಾತ್ರ ನಮ್ಮ ಊರುಗಳ ನೆಲದಲ್ಲಿಯೇ ಹುಟ್ಟತಕ್ಕದ್ದು. ಹಾಳುಬಿದ್ದ ಮಣ್ಣಿನ ಗೋಡೆಯ ಬುಡದಲ್ಲಿ, ದನ ಕಟ್ಟುವ ಕೊಟ್ಟಿಗೆಯ ನೆಲದಲ್ಲಿ, ತಿಪ್ಪೆಯ ಸುತ್ತಣ ಜಾಗದಲ್ಲಿ, ಜನ ಬಿಟ್ಟುಹೋದ ಹಾಳೂರ ದಿಬ್ಬದಲ್ಲಿ, ಮಳೆ ಬಿದ್ದು ಬಿಸಿಲು ಕಾದ ಮೇಲೆ, ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಒಂದು ಲವಣ ಮೇಲೇಳುವುದನ್ನು ಹಳ್ಳಿಯವರೆಲ್ಲರೂ ನೋಡಿದ್ದಾರೆ. ನಾಲಗೆಗಿಟ್ಟರೆ ಅದು ಅಡಿಗೆಯ ಉಪ್ಪಿನಂತಲ್ಲದೆ ತಣ್ಣಗೆ ತಟ್ಟುತ್ತದೆ.

ಈ ಮಣ್ಣನ್ನು ಗುರುತಿಸಿ ಅದರಿಂದ ಲವಣವನ್ನು ಬೇರ್ಪಡಿಸುವ ವಿದ್ಯೆ ಉಪ್ಪಾರರದು. ಮಣ್ಣುಪ್ಪನ್ನೂ ಪೆಟ್ಲುಪ್ಪನ್ನೂ ತೆಗೆಯುವುದು ಅವರ ಹಿಂದಿನ ವೃತ್ತಿ. ಹೆಸರೇ ಅದನ್ನು ಹೇಳುತ್ತದೆ. ಕೆರೆದು ತಂದ ಮಣ್ಣನ್ನು ಹುಲ್ಲು ಹಾಸಿದ ತೊಟ್ಟಿಗೆ ತುಂಬಿ ಮೇಲೆ ನೀರು ಹೊಯ್ಯುವರು. ನೀರು ಮಣ್ಣಿನೊಳಗಣ ಲವಣವನ್ನೆಲ್ಲ ಕರಗಿಸಿಕೊಂಡು ಕೆಳಗಿನ ತೂಬಿನಿಂದ ತೊಟ್ಟಿಕ್ಕುವುದು. ಸೌದೆಯ ಬೂದಿಯನ್ನು ಮಣ್ಣಿಗೆ ಬೆರೆಸಿದರೆ ಫಲ ಹೆಚ್ಚು. ಏಕೆಂದರೆ ನೆಲದಲ್ಲಿ ಹುಟ್ಟುವ ಲವಣದಲ್ಲಿ ಸುಣ್ಣದ ಅಂಶವಿರುವುದು. ಬೂದಿಯ ಕ್ಷಾರವು ಆ ಸುಣ್ಣವನ್ನು ಕೆಳಕ್ಕೆ ತಳ್ಳಿ, ಅದರ ಸ್ಥಾನದಲ್ಲಿ ತಾನು ನಿಂತು, ಮದ್ದಿಗೆ ಒದಗುವ ಶುದ್ಧವಾದ ಪೆಟ್ಲುಪ್ಪನ್ನು ಮಾಡುವುದು. ಬಳಿಕ ಆ ನೀರನ್ನು ಕೊಪ್ಪರಿಗೆಯಲ್ಲಿ ಕುದಿಸುವರು. ಕುದಿದು ಬತ್ತುತ್ತಿರುವಾಗ ಅಡಿಗೆಯ ಉಪ್ಪು ಬಿಸಿಯಲ್ಲಿಯೇ ತಳಕ್ಕೆ ಬೀಳುವುದು; ಉಳಿದ ನೀರನ್ನು ಆರಲು ಬಿಟ್ಟರೆ ಪೆಟ್ಲುಪ್ಪು ಸೂಜಿಯಂತಹ ಹರಳುಗಳಾಗಿ ನಿಲ್ಲುವುದು. ಬಿಸಿನೀರಿನಲ್ಲಿ ಬಹಳವಾಗಿಯೂ ತಣ್ಣೀರಿನಲ್ಲಿ ಕೊಂಚವಾಗಿಯೂ ಕರಗುವುದು ಪೆಟ್ಲುಪ್ಪಿನ ಗುಣ. ಅಡಿಗೆಯ ಉಪ್ಪಿಗೆ ಬಿಸಿಯೂ ಒಂದೆ, ತಣ್ಣಗೂ ಒಂದೆ. ಓದುಬರಹವಿಲ್ಲದ ಆ ಜನ ಈ ಭೇದವನ್ನು ಒಲೆಯ ಮುಂದೆಯೇ ಕಲಿತಿದ್ದರು.

1801ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಇಕ್ಕೇರಿಯ ಕಡೆಯಿಂದ ದುರ್ಗದ ಸೀಮೆಯನ್ನು ಹಾದು ಹಿರಿಯೂರಿಗೆ ಬಂದನು. ಟಿಪ್ಪುವಿನ ಪತನವಾಗಿ ಆಗ ಎರಡು ವರ್ಷವಾಗಿತ್ತು. ಮೈಸೂರು ಸೀಮೆಯ ಬೆಳೆ, ಕಸುಬು, ಮಣ್ಣುಗಳ ಬಗೆಯನ್ನು ವಿಚಾರಿಸಿ ಅವನು ಬರೆದಿಟ್ಟ ಮೂರು ಸಂಪುಟಗಳು 1807ರಲ್ಲಿ ಅಚ್ಚಾದುವು. ಹಿರಿಯೂರು ಸೀಮೆಯನ್ನು ಬಲ್ಲವರಿಗೆ ಆ ನೆಲದ ಸ್ವಭಾವ ತಿಳಿದೇ ಇದೆ. ವರ್ಷಕ್ಕೆ ಇಪ್ಪತ್ತೆರಡು ಇಪ್ಪತ್ತನಾಲ್ಕು ಅಂಗುಲ ಮಳೆ ಬಂದರೆ ಬಂತು. ತಾಲ್ಲೂಕಿನ ಹರಿಯಬ್ಬೆಯಂತಹ ಬಯಲುಸೀಮೆಯ ಹಳ್ಳಿಗಳಲ್ಲಿ ಬೆಳೆಯೆಲ್ಲ ಮುಗಿಲು ನೋಡಿಕೊಂಡು ಮಾಡುವ ಬೇಸಾಯ. ಮಲೆನಾಡಿನಲ್ಲಿಯಾದರೆ ನೆಲದಲ್ಲಿ ಹುಟ್ಟಿದ ಈ ಲವಣವನ್ನು ಮಳೆ ತೊಳೆದುಕೊಂಡು ಹೊಳೆಗೆ ಒಯ್ಯುತ್ತದೆ. ಬಯಲುಸೀಮೆಯಲ್ಲಿ ತೊಳೆಯುವಷ್ಟು ಮಳೆ ಇಲ್ಲ. ಒಣಗಿಸುವ ಬಿಸಿಲು ಬೇಕಾದಷ್ಟಿದೆ. ಪೆಟ್ಲುಪ್ಪು ಹುಟ್ಟಿದಲ್ಲಿಯೇ ನಿಲ್ಲುವುದಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಬೇಕಿಲ್ಲ.

ಹಾಗಾದರೆ ಅದು ಹುಟ್ಟುವುದು ಹೇಗೆ? ಈ ಪ್ರಶ್ನೆ ಯೂರೋಪಿನ ದೊರೆಗಳನ್ನೂ ಕಾಡಿದ್ದಿತು. ಇಂಗ್ಲೆಂಡಿನಲ್ಲಿ 17ನೆಯ ಶತಮಾನದಲ್ಲಿ ಅರಸನ ಅಪ್ಪಣೆಯನ್ನು ಹಿಡಿದ ಆಳುಗಳು ಮನೆಮನೆಗೂ ನುಗ್ಗಿ ಕೊಟ್ಟಿಗೆಯ ನೆಲವನ್ನು ಅಗೆಯುತ್ತಿದ್ದರು. ಜನರು ಅವರನ್ನು ಶಪಿಸುತ್ತಿದ್ದರು. ಅನಂತರ ಈಸ್ಟ್ ಇಂಡಿಯಾ ಕಂಪೆನಿಯವರು ಬಿಹಾರದ ಪೆಟ್ಲುಪ್ಪನ್ನು ಹಡಗುಗಟ್ಟಲೆ ಸಾಗಿಸತೊಡಗಿದ ಮೇಲೆ ಅವರ ಮನೆಗಳು ಉಳಿದುವು. ಫ್ರಾನ್ಸಿನವರಿಗೆ ಆ ಭಾಗ್ಯವಿರಲಿಲ್ಲ. ಕ್ರಾಂತಿಯ ಕಾಲದಲ್ಲಿ, 1793-94ರಲ್ಲಿ, ಪ್ರತಿಯೊಬ್ಬ ಪ್ರಜೆಯೂ ತನ್ನ ನೆಲಮಾಳಿಗೆಯ ಮಣ್ಣನ್ನು ತೊಳೆದು ಪೆಟ್ಲುಪ್ಪನ್ನು ದೇಶಕ್ಕೆ ಒಪ್ಪಿಸಬೇಕೆಂದು ಅಲ್ಲಿ ಕರೆ ಹೊರಟಿತು. ಇಷ್ಟೆಲ್ಲ ಆದರೂ, ಗೊಬ್ಬರವೂ ಮೂತ್ರವೂ ಸುಣ್ಣವೂ ಗಾಳಿಯೂ ಸೇರಿದಲ್ಲಿ ಈ ಉಪ್ಪು ಆಗುವುದೆಂದು ಗೊತ್ತಿದ್ದಿತೇ ಹೊರತು, ಏಕೆ ಆಗುವುದೆಂಬುದು ಯಾರಿಗೂ ತಿಳಿದಿರಲಿಲ್ಲ. ಬಲ್ಲವರು ಅದನ್ನು ಗಾಳಿಯ ಕೆಲಸವೆಂದು ಭಾವಿಸಿದ್ದರು.

1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಫ್ರೆಂಚ್ ವಿದ್ವಾಂಸರು ಮಾಡಿದ ಪ್ರಯೋಗ ಬಹಳ ಸೊಗಸಾದುದು. ಉದ್ದವಾದ ಒಂದು ಕೊಳವೆಯಲ್ಲಿ ಮರಳನ್ನೂ ಸುಣ್ಣಕಲ್ಲನ್ನೂ ತುಂಬಿ, ಮೇಲಿನಿಂದ ಊರ ಚರಂಡಿಯ ನೀರನ್ನು ನಿಧಾನವಾಗಿ ಬಿಟ್ಟರು. ಸುಮಾರು ಇಪ್ಪತ್ತು ದಿನಗಳವರೆಗೆ ಚರಂಡಿಯ ನೀರು ಹೇಗೆ ಹೋಯಿತೋ ಹಾಗೆಯೇ ಹೊರಬಂದಿತು. ಆಮೇಲೆ ಇದ್ದಕ್ಕಿದ್ದಂತೆ ಅದರೊಳಗಣ ಅಮೋನಿಯವು ನೈಟ್ರೇಟಾಗಿ, ಅಂದರೆ ಪೆಟ್ಲುಪ್ಪಿನ ಸಾರವಾಗಿ, ಬದಲಾಗತೊಡಗಿತು. ಬರಿಯ ಗಾಳಿಯ ಕೆಲಸವಾಗಿದ್ದರೆ ಇಪ್ಪತ್ತು ದಿನ ಕಾಯಬೇಕಾದದ್ದೇಕೆ? ಅವರು ಕೊಳವೆಯೊಳಕ್ಕೆ ಕ್ಲೋರೋಫಾರಮ್ಮಿನ ಆವಿಯನ್ನು ಬಿಟ್ಟರು. ಕೆಲಸ ಒಮ್ಮೆಗೇ ನಿಂತಿತು. ಆವಿಯನ್ನು ಹೊರಗಟ್ಟಿ, ತೋಟದ ಮಣ್ಣು ಕದಡಿದ ನೀರನ್ನು ಸ್ವಲ್ಪ ಹೊಯ್ದರು. ಕೆಲವು ದಿನಗಳಲ್ಲಿ ಕೆಲಸ ಮತ್ತೆ ಮೊದಲಾಯಿತು. ಮೂರ್ಛೆ ಹೋಗತಕ್ಕದ್ದೂ, ಬಿತ್ತಿದರೆ ಬೆಳೆಯತಕ್ಕದ್ದೂ ಜೀವವಲ್ಲದೆ ಮತ್ತೇನು?

ಆ ಜೀವಿಗಳನ್ನು ಹಿಡಿದು ತೋರಿಸುವುದಕ್ಕೆ ಇನ್ನೂ ಹದಿಮೂರು ವರ್ಷ ಬೇಕಾಯಿತು. ಸಾಮಾನ್ಯವಾಗಿ ಬ್ಯಾಕ್ಟೀರಿಯಗಳನ್ನು ಸಾಕುವವರು ಮಾಂಸದ ಸಾರನ್ನೂ ಅಂಟುಗಂಜಿಯನ್ನೂ ಇಟ್ಟು ಕಾಯುವರು. ರಷ್ಯದವನಾದ ವಿನೊಗ್ರಾಡ್‌ಸ್ಕಿಯು 1890ರಲ್ಲಿ ಜೂರಿಕ್ ನಗರದಲ್ಲಿ ಕೆಲಸ ಮಾಡುತ್ತ, ಇವಕ್ಕೆ ಆ ಉಪಚಾರವೇ ಆಗದೆಂದು ಕಂಡುಕೊಂಡನು. ಅನ್ನವೆಂಬುದಿಲ್ಲದೆ, ಬರಿಯ ಅಮೋನಿಯ, ಗಾಳಿ ಮತ್ತು ಕಲ್ಲಿನ ಲವಣಗಳಿಂದ ಅವು ಬದುಕಿದುವು. ಇಲ್ಲಿ ಎರಡು ಪಂಗಡಗಳಿದ್ದುವು: ಒಂದು ಅಮೋನಿಯವನ್ನು ನೈಟ್ರೈಟಿನವರೆಗೆ ತರುವುದು, ಮತ್ತೊಂದು ಅಲ್ಲಿಂದ ಎತ್ತಿಕೊಂಡು ನೈಟ್ರೇಟು ಮಾಡುವುದು. ಸೂರ್ಯನ ಹಂಗಿಲ್ಲದೆ, ಮಣ್ಣಿನ ಕತ್ತಲಲ್ಲಿ, ಕಲ್ಲಿನಿಂದ ಶಕ್ತಿಯನ್ನು ಹೀರಿ ದೇಹವನ್ನು ಕಟ್ಟಿಕೊಳ್ಳುವ ಪ್ರಾಣಿಗಳಿವೆಯೆಂಬುದು ಆಗಿನ ಜೀವಶಾಸ್ತ್ರಕ್ಕೆ ದೊಡ್ಡ ಆಶ್ಚರ್ಯ.

ಇಷ್ಟು ತಿಳಿದ ಮೇಲೆ ದುರ್ಗದ ಬೀಸುಕಲ್ಲನ್ನು ಮತ್ತೊಮ್ಮೆ ನೋಡಬೇಕು. ನೂರು ಸೇರು ಮದ್ದಿನಲ್ಲಿ 75 ಸೇರು ಪೆಟ್ಲುಪ್ಪು. ಅದರೊಳಗೆ ಹತ್ತು ಸೇರಿಗೆ ತುಸು ಮೇಲೆ ಸಾರಜನಕ. ರಾಗಿಯ ಕಾಳಿನಲ್ಲಿ ಸಾರಜನಕವು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿದರೆ, ನೂರು ಸೇರು ಮದ್ದಿನಲ್ಲಿ ಇರುವ ಸಾರಜನಕವು ಎಂಟುನೂರು ಸೇರು ರಾಗಿಯಲ್ಲಿ ಇರುವುದಕ್ಕೆ ಕಡಿಮೆಯಾಗದು. ಹಳ್ಳಿಯ ತಿಪ್ಪೆಯ ನೆಲದಲ್ಲಿ ಹುಟ್ಟಿದ ಸಾರ ಹೊಲಕ್ಕೆ ಹೋದರೆ ಅನ್ನ. ದುರ್ಗಕ್ಕೆ ಹೋದರೆ ಒಂದು ಗಳಿಗೆಯ ಸಿಡಿಲು. ಸಿಡಿದಾಗ ಆ ಸಾರಜನಕವು ಬರಿಯ ವಾಯುವಾಗಿ ಆಕಾಶಕ್ಕೆ ಸೇರಿಹೋಗುವುದು, ನೆಲಕ್ಕೆ ಹಿಂದಿರುಗುವುದಿಲ್ಲ. ಪಾಳೆಯಗಾರರೂ ಹೈದರನೂ ಮರಾಠರೂ ಈ ಸೀಮೆಯ ಮೇಲೆ ಹಾಯಿಸಿದ ಗುಂಡುಗಳ ಲೆಕ್ಕವನ್ನು ಚರಿತ್ರಕಾರರು ಸೈನ್ಯದ ಅಧ್ಯಾಯದಲ್ಲಿ ಬರೆದಿದ್ದಾರೆ. ಗೊಬ್ಬರದ ಅಧ್ಯಾಯದಲ್ಲಿಯೂ ಅದನ್ನು ಬರೆಯಬೇಕೆಂದು ನನಗೆ ತೋರುತ್ತದೆ.

ಫಿರಂಗಿಯು ಸದ್ದಿನಿಂದ ಮಾಡುವ ಈ ಕೆಲಸವನ್ನೇ ಸದ್ದಿಲ್ಲದೆ ಮಾಡುವ ಜೀವಿಗಳೂ ಉಂಟು. ಬೋರ್ಡೋ ನಗರದ ಗೇಯಾನ್ ಮತ್ತು ದ್ಯುಪೆತೀ ಎಂಬವರು 1880ರ ದಶಕದಲ್ಲಿ ಇವುಗಳ ಪತ್ತೆ ಹಚ್ಚಿದರು. ನೀರು ನಿಂತು ಗಾಳಿಯಾಡದ ಕೆಸರಿನಲ್ಲಿ ಉಸಿರಿಗೆ ಆಮ್ಲಜನಕ ಸಿಕ್ಕದೆ ಹೋದಾಗ, ಇವು ನೈಟ್ರೇಟಿನೊಳಗಣ ಆಮ್ಲಜನಕವನ್ನು ಕಿತ್ತುಕೊಂಡು ಉಸಿರಾಡುತ್ತವೆ. ಉಳಿದ ಸಾರಜನಕ ಗುಳ್ಳೆಗಳಾಗಿ ಮೇಲೇಳುವುದು. ಕೆರೆಯ ತಳದ ಹೂಳಿನಲ್ಲಿ ಇದು ಹಗಲಿರುಳೂ ನಡೆಯುತ್ತಿದೆ. 1907ರಲ್ಲಿ ಮಾರಿಕಣಿವೆಯ ವಾಣೀವಿಲಾಸ ಸಾಗರದ ಕಟ್ಟೆ ಮುಗಿದು ವೇದಾವತಿಯ ನೀರು ಹಿರಿಯೂರಿನ ಬಯಲಿಗೆ ಹರಿದ ಮೇಲೆ, ಒಣನೆಲಕ್ಕೆ ಒಗ್ಗಿದ್ದ ರೈತನಿಗೆ ನೀರು ನಿಂತ ನೆಲದ ನಡತೆಯೂ ಪರಿಚಯವಾಯಿತು. ಗದ್ದೆಯ ಕೆಸರಿನಲ್ಲಿ ಅಮೋನಿಯವಾಗಿರುವ ಸಾರಜನಕ ಉಳಿಯುತ್ತದೆ, ನೈಟ್ರೇಟಾದದ್ದು ಉಳಿಯುವುದಿಲ್ಲ.

ಈ ಕೆಸರಿನ ರಸಾಯನವನ್ನು ಬಿಡಿಸಿದವರಲ್ಲಿ ನಮ್ಮ ಸಂಸ್ಥಾನದೊಡನೆ ನಂಟುಳ್ಳ ಒಬ್ಬರಿದ್ದರೆಂಬುದು ಸಂತೋಷದ ವಿಷಯ. ಡಾಕ್ಟರ್ ವಿ. ಸುಬ್ರಹ್ಮಣ್ಯನ್ ಅವರು 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗಕ್ಷೇತ್ರದಲ್ಲಿ ನೀರು ನಿಂತ ಮಣ್ಣುಗಳ ಜೀವರಸಾಯನವನ್ನು ಪರೀಕ್ಷಿಸಿ, ಬಳಿಕ ಬೆಂಗಳೂರಿನ ತಾತಾ ವಿಜ್ಞಾನಮಂದಿರದಲ್ಲಿ ನೆಲೆಸಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಆಹಾರ ಸಂಶೋಧನಾಲಯಕ್ಕೆ ಮೊದಲ ನಿರ್ದೇಶಕರಾದರು. ಅವರಿಗೆ ಮುಂಚೆ ಅದೇ ವಿಜ್ಞಾನಮಂದಿರಕ್ಕೆ 1916ರಲ್ಲಿ ಬಂದ ಗಿಲ್ಬರ್ಟ್ ಫೌಲರ್ ಅವರು ಮ್ಯಾಂಚೆಸ್ಟರಿನಲ್ಲಿ ಚರಂಡಿಯ ನೀರಿಗೆ ಗಾಳಿಯೂದಿ ಅದನ್ನು ಸೂಕ್ಷ್ಮಜೀವಿಗಳಿಂದಲೇ ಶುದ್ಧಿಗೊಳಿಸುವ ಕ್ರಮಕ್ಕೆ ದಾರಿ ತೋರಿದವರು. ಊರಿನ ಹೊಲಸಿನಲ್ಲಿ ಹೊಲದ ಸಾರವಿದೆ, ಅದನ್ನು ಹೊಳೆಗೆ ಬಿಡುವುದು ದುಂದು ಎಂಬುದೇ ಅವರ ಜೀವಮಾನದ ವಾದ. ಸಾರಜನಕದ ಉಳಿತಾಯವನ್ನು ಕುರಿತು ಅವರು ಬರೆದ ಗ್ರಂಥ 1934ರಲ್ಲಿ ಹೊರಬಂದಿತು.

ಹೊಳೆಗೆ ಬಿಡದೆ ಹೊಲಕ್ಕೆ ತರುವ ವಿದ್ಯೆಯನ್ನು ನಮ್ಮ ರೈತರಿಗೆ ಫೌಲರ್ ಕಲಿಸಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡನ್ನು ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹರಡುವರು. ಗೊಲ್ಲರ, ಕುರುಬರ ಕುರಿಮಂದೆಯನ್ನು ರಾತ್ರಿಯ ಹೊತ್ತು ಬರಿಹೊಲದಲ್ಲಿ ನಿಲ್ಲಿಸಿಕೊಂಡು, ಮಂದೆಯವನಿಗೆ ಕಾಳುಕಡ್ಡಿ ಕೊಡುವ ವಾಡಿಕೆ ಈ ಸೀಮೆಯಲ್ಲಿ ಹಳೆಯದು. ಇದರಲ್ಲಿರುವ ಜಾಣತನವನ್ನು ನೋಡಬೇಕು. ಪ್ರಾಣಿಯ ದೇಹದಿಂದ ಹೊರಬೀಳುವ ಸಾರಜನಕದಲ್ಲಿ ದೊಡ್ಡ ಪಾಲು ಮೂತ್ರದಲ್ಲಿದೆ. ಕೊಟ್ಟಿಗೆಯಲ್ಲಿ ಅದು ನೆಲದ ಪಾಲು. ತಿಪ್ಪೆಯಲ್ಲಿ ಬಿಸಿಲಿಗೆ ಅಮೋನಿಯವಾಗಿ ಹಾರಿಹೋಗುವುದು. ಕುರಿ ಹೊಲದಲ್ಲಿಯೇ ಮಲಗಿದರೆ ಅದು ಬಿದ್ದಲ್ಲಿಯೇ ಇಂಗಿ ನೆಲದ ಜೀವಿಗಳ ಕೈಸೇರುವುದು. ಇನ್ನು ಸಗಣಿಯನ್ನು ಬೆರಣಿ ತಟ್ಟಿ ಸುಟ್ಟರೆ ಬೂದಿಯ ಕ್ಷಾರ ಮಿಕ್ಕೀತು, ಸಾರಜನಕ ಹೊಗೆಯಾಗಿ ಹೋಯಿತು. 1893ರಲ್ಲಿ ಹಿಂದೂದೇಶದ ಬೇಸಾಯವನ್ನು ಕುರಿತು ವರದಿ ಬರೆದ ವೋಲ್ಕರ್ ಎಂಬ ರಸಾಯನಜ್ಞನು, ರೈತ ಸಗಣಿಯನ್ನು ಸುಡುವುದು ಅಜ್ಞಾನದಿಂದಲ್ಲ, ಸೌದೆ ಸಿಕ್ಕದುದರಿಂದ ಎಂದು ನ್ಯಾಯವಾಗಿ ಹೇಳಿದನು. ನಮ್ಮನ್ನು ತಿದ್ದಲು ಬಂದವರಲ್ಲಿ ಇಷ್ಟು ಕಣ್ಣುತೆರೆದು ನೋಡಿದವರು ವಿರಳ.

ಬೇಸಿಗೆಯೆಲ್ಲ ಒಣಗಿ ಬಿರಿದ ನೆಲಕ್ಕೆ ಮುಂಗಾರಿನ ಮೊದಲ ಹನಿ ಬಿದ್ದಾಗ ಏಳುವ ವಾಸನೆಯನ್ನು ಕವಿಗಳು ಹೊಗಳಿದ್ದಾರೆ. ಆಗ ನೆಲದೊಳಗೆ ನಡೆಯುವುದೂ ಹೊಗಳತಕ್ಕದ್ದೆ. ನಿದ್ರೆಯಲ್ಲಿದ್ದ ಸೂಕ್ಷ್ಮಜೀವಿಗಳು ಒಮ್ಮೆಗೆ ಎಚ್ಚೆತ್ತು, ಒಣಗಿ ಸತ್ತವುಗಳ ದೇಹವನ್ನೂ ಕಸಕಡ್ಡಿಯನ್ನೂ ತಿಂದು, ಕೆಲವೇ ದಿನಗಳಲ್ಲಿ ನೈಟ್ರೇಟಿನ ರಾಶಿಯನ್ನು ಸುರಿಯುತ್ತವೆ. ಪೂರ್ವ ಆಫ್ರಿಕದ ನೆಲಗಳಲ್ಲಿ ಬರ್ಚ್ ಎಂಬವನು 1950ರ ದಶಕದಲ್ಲಿ ಇದನ್ನು ಅಳೆದು ತೋರಿಸಿದನು. ಮೊದಲ ಹದವನ್ನು ತಪ್ಪಿಸಿಕೊಂಡ ರೈತ ಏಕೆ ಅಷ್ಟು ಹಲುಬುತ್ತಾನೆಂಬುದಕ್ಕೆ ತೇವವೊಂದೇ ಕಾರಣವಲ್ಲವೆಂಬುದು ಇದರಿಂದ ಗೊತ್ತಾಗುವುದು.

ಇನ್ನೊಂದು ಬಗೆಯ ಜೀವಿಗಳ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಇವು ಕಳೆದುಹೋದ ಸಾರಜನಕವನ್ನು ಆಕಾಶದಿಂದ ಮರಳಿ ತರುವುವು. ತೊಗರಿ, ಹುರುಳಿ, ಅವರೆ, ಅಲಸಂದೆಗಳ ಬೇರನ್ನು ಮೆಲ್ಲನೆ ಕಿತ್ತು ತೊಳೆದರೆ ಸಣ್ಣ ಸಣ್ಣ ಗಂಟುಗಳು ಕಾಣುವುವು; ಒಡೆದರೆ ಒಳಗೆ ರಕ್ತದಂತೆ ಕೆಂಪು. ಇದು ರೋಗವೆಂದು ಬಹುಕಾಲ ತಿಳಿದಿದ್ದರು. ಈ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೇ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವುದೆಂದು ಹೆಲ್‌ರೀಗೆಲ್ 1886ರಲ್ಲಿ ಬರ್ಲಿನ್ನಿನ ವಿದ್ವತ್ಸಭೆಯಲ್ಲಿ ತಿಳಿಸಿದನು. ಹಾಲೆಂಡಿನ ಬೈಯರಿಂಕ್ 1888ರಲ್ಲಿ ಅವನ್ನು ಬೇರ್ಪಡಿಸಿ ಸಾಕಿದನು. ನಮ್ಮ ಕಡೆ ರಾಗಿಯ ಹೊಲದಲ್ಲಿ ಅವರೆ ತೊಗರಿಗಳ ಅಕ್ಕಡಿ ಸಾಲು ಹಾಕುವ ಕ್ರಮಕ್ಕೆ ಇಂತಹ ಯಾವ ಸಭೆಯ ಅನುಮತಿಯೂ ಬೇಕಾಗಿರಲಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ನೆಲಗಡಲೆಯು ಚಳ್ಳಕೆರೆ ಹಿರಿಯೂರು ಸೀಮೆಯಲ್ಲಿ ಇಷ್ಟು ಬೇಗ ಒಕ್ಕಲಾದುದಕ್ಕೂ ಇದೇ ಒಂದು ಕಾರಣ. ಹೊರಗಿನ ಬೆಳೆಯಾದರೂ, ಅಲಸಂದೆಯ ಬೇರಿನಲ್ಲಿ ಮನೆಮಾಡಿದ್ದ ಜೀವಿಗಳ ವರ್ಗ ಅದಕ್ಕೂ ಒಗ್ಗಿತು. ಹೊಸ ಸೊಸೆಗೆ ಮನೆಯಲ್ಲಿ ಮೊದಲೇ ನಂಟರಿದ್ದಂತಾಯಿತು.

ಜೀವಿಗಳ ಈ ಕೆಲಸವನ್ನು ಯಂತ್ರದಿಂದ ಮಾಡಿಸುವ ಯುಗವೂ ಬಂದಿತು. 1909ರಲ್ಲಿ ಜರ್ಮನಿಯ ಹೇಬರನು ಗಾಳಿಯಿಂದ ಅಮೋನಿಯವನ್ನು ಮಾಡಿ ತೋರಿಸಿದನು. 1913ರಲ್ಲಿ ಓಪಾವಿನ ಕಾರ್ಖಾನೆ ಹೊತ್ತಿಕೊಂಡಿತು. ಮಾರನೆಯ ವರ್ಷ ಆರಂಭವಾದ ಮಹಾಯುದ್ಧದಲ್ಲಿ ಅದರ ಫಲವೂ ಸಿಡಿಮದ್ದಿನ ಮನೆಗೇ ಹೋಯಿತೆಂಬುದನ್ನು ದುರ್ಗದ ಕಲ್ಲುಗಳನ್ನು ನೋಡಿ ಬಂದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ನಮ್ಮ ಸಂಸ್ಥಾನವು 1930ರ ದಶಕದ ಕೊನೆಗೆ ಬೆಳಗೊಳದಲ್ಲಿ ರಸಗೊಬ್ಬರದ ಕಾರ್ಖಾನೆಯನ್ನು ಸ್ಥಾಪಿಸಿ, ಈ ವಿದ್ಯೆಯಲ್ಲಿ ಹಿಂದೂದೇಶಕ್ಕೆ ಮುಂದಾಳಾಯಿತು. ಆಮೇಲೆ ಯೂರಿಯಾದ ಮೂಟೆಗಳು ಬಂದುವು. ನೂರಕ್ಕೆ 46 ಪಾಲು ಸಾರಜನಕವಿರುವ ಈ ಬಿಳಿಯ ಹರಳು ಒಂದು ಹಿಡಿಯಷ್ಟಿದ್ದರೆ ಗೊಬ್ಬರದ ಮಂಕರಿಗಳ ಕೆಲಸ ಮಾಡುವುದು. ಹೊಲದಲ್ಲಿ ಬಿದ್ದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯವಾಗುವುದು. ಆಮೇಲೆ ಅದೇ ಹಳೆಯ ಪೆಟ್ಲುಪ್ಪಿನ ಜೀವಿಗಳು ಅದನ್ನು ನೈಟ್ರೇಟು ಮಾಡುವುವು. ಅವಕ್ಕೆ ಕುರಿಯ ಮೂತ್ರವೆಂದೂ ಕಾರ್ಖಾನೆಯ ಮೂಟೆಯೆಂದೂ ಭೇದವಿಲ್ಲ. ಬೆಳೆ ಎಷ್ಟನ್ನು ಉಂಡೀತೆಂಬ ಲೆಕ್ಕವನ್ನೂ ಅವು ಇಡುವುದಿಲ್ಲ.

ಈ ಜೀವಿಗಳನ್ನು ಕುರಿತ ತಿಳಿವಳಿಕೆ ಇನ್ನೂ ಬೆಳೆಯುತ್ತಿದೆ. ವಿನೊಗ್ರಾಡ್‌ಸ್ಕಿಯ ಎರಡು ಪಂಗಡಗಳಿಗೆ ಹೊರತಾಗಿ, ಆರ್ಕಿಯ ಎಂಬ ಬೇರೊಂದು ಪ್ರಾಚೀನ ಕುಲದವೂ ಅಮೋನಿಯವನ್ನು ಉಣ್ಣುವುವೆಂದು 2005ರಲ್ಲಿ ಗೊತ್ತಾಯಿತು. ಮೊದಲು ಸಿಕ್ಕಿದ್ದು ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ತೊಟ್ಟಿಯಲ್ಲಿ. ಹೊಲದ ಮಣ್ಣಿನಲ್ಲಿ ಇವುಗಳ ಸಂಖ್ಯೆಯೇ ಅನೇಕ ಕಡೆ ಮಿಗಿಲು. ಎರಡು ಪಂಗಡಗಳ ಕೆಲಸವನ್ನು ಒಂದೇ ಜೀವಿ ಮಾಡಬಲ್ಲುದೆಂಬುದು 2015ರಲ್ಲಿ ತಿಳಿಯಿತು. ನೂರಿಪ್ಪತ್ತೈದು ವರ್ಷ ಪಾಠವಾಗಿ ಓದಿದ್ದನ್ನು ಹೀಗೆ ತಿದ್ದಿಕೊಳ್ಳಬೇಕಾಯಿತು.

ಬೆಳೆ ಉಣ್ಣದೆ ಮಿಕ್ಕ ನೈಟ್ರೇಟು ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರಿನೊಡನೆ ಕೆಳಕ್ಕಿಳಿಯುವುದು. ಕೆರೆಯ ಕೆಸರಿನವರೆಗೆ ಹೋದರೆ ಅಲ್ಲಿಯ ಜೀವಿಗಳು ಅದನ್ನು ಗಾಳಿಗೆ ತೂರಿಬಿಡುತ್ತಿದ್ದುವು. ಬಂಡೆಯ ಬಿರುಕುಗಳಲ್ಲಿ ನಿಂತ ಆಳದ ನೀರಿನಲ್ಲಿ ಆ ಜೀವಿಗಳಿಗೆ ಉಣಿಸು ಸಾಲದು. ನೈಟ್ರೇಟು ವರ್ಷಾನುವರ್ಷ ಅಲ್ಲಿಯೇ ಕೂಡಿಕೊಳ್ಳುವುದು. ಈಗ ಈ ಸೀಮೆಯ ಹಳ್ಳಿಗಳು ಬಹುಮಟ್ಟಿಗೆ ಕುಡಿಯುವುದು ಕೊಳವೆಬಾವಿಯ ನೀರನ್ನು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟಿಗೆ ಮೀರಬಾರದೆಂದು ನಮ್ಮ ದೇಶದ ನಿಯಮ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ಈ ಮಿತಿಯನ್ನು ಮೀರಿದ ನೀರು ಸಿಕ್ಕುವ ಜಿಲ್ಲೆಗಳ ಸಾಲಿನಲ್ಲಿ ಚಿತ್ರದುರ್ಗವೂ ಸೇರಿದೆ. ಗೊಬ್ಬರದ ಮೂಟೆಯದೊಂದೇ ಇಲ್ಲಿ ತಪ್ಪಲ್ಲ. ಬಾವಿಯ ಬಳಿಯ ತಿಪ್ಪೆ, ಕಟ್ಟಿಗೆ ಕಟ್ಟಿದ ದನ, ಚರಂಡಿ, ಕಕ್ಕಸಿನ ಗುಂಡಿ ಇವೆಲ್ಲವೂ ಅದಕ್ಕೆ ಕೂಡಿವೆ. ಹಿಂದೆ ಉಪ್ಪಾರರು ಹುಡುಕಿಕೊಂಡು ಬರುತ್ತಿದ್ದ ಜಾಗಗಳೂ ಇವೇ ಅಲ್ಲವೆ?

ದೊಡ್ಡವರಿಗೆ ಇದರಿಂದ ಕೂಡಲೇ ತೋರುವ ಕೆಡುಕು ಕಡಿಮೆ. ಎಳೆಗೂಸುಗಳ ಮಾತು ಬೇರೆ. ತಾಯಿಯ ಹಾಲಿಲ್ಲದೆ, ಹಾಲುಪುಡಿಯನ್ನು ಇಂತಹ ನೀರಿನಲ್ಲಿ ಕದಡಿ ಕುಡಿಸಿದ ಮಗುವಿನ ರಕ್ತವು ಪ್ರಾಣವಾಯುವನ್ನು ಹೊರಲಾರದೆ ತುಟಿ ಉಗುರುಗಳು ನೀಲಿಗಟ್ಟುವುದನ್ನು ಅಮೆರಿಕದ ಅಯೋವಾ ಪ್ರಾಂತದ ಕಾಮ್ಲಿ ಎಂಬ ವೈದ್ಯನು 1945ರಲ್ಲಿ ಬರೆದಿಟ್ಟನು. ಇಲ್ಲಿ ಒಂದು ಮಾತನ್ನು ಮನೆಯ ಹೆಂಗಸರಿಗೂ ತಿಳಿಸಬೇಕು. ಮಗುವಿಗೆ ನೀರನ್ನು ಕಾಯಿಸಿ ಕೊಡುವುದು ಒಳ್ಳೆಯ ರೂಢಿ. ರೋಗದ ಕ್ರಿಮಿಗಳು ಅದರಿಂದ ಸಾಯುವುವು. ಆದರೆ ನೈಟ್ರೇಟು ಕಾಯಿಸಿದರೆ ಹೋಗತಕ್ಕದ್ದಲ್ಲ. ನೀರು ಆವಿಯಾಗಿ ಬತ್ತಿದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುವುದು. ಉಪ್ಪಾರರು ಕೊಪ್ಪರಿಗೆಯ ಮುಂದೆ ಕುಳಿತು ಮಾಡುತ್ತಿದ್ದ ಕೆಲಸವೂ ಅದೇ. ಆದಕಾರಣ ಬಾವಿಯ ನೀರನ್ನು ಮೊದಲು ಪರೀಕ್ಷೆಗೆ ಕಳುಹಿಸಿ, ಅಂಕಿಯನ್ನು ಕಂಡ ಮೇಲೆ ಕೂಸಿನ ಬಟ್ಟಲಿಗೆ ಸುರಿಯಬೇಕು.